ಗದ್ದೆಯ ಕೆಸರು, ಮರದ ಎಲೆ, ಒಂದಿಷ್ಟು ವಿದ್ಯುತ್ತು

ಅಂಬಲಪಾಡಿಯ ಬೈಲು ಗದ್ದೆಗಳಲ್ಲಿ ಮಳೆ ಹಿಂದೆ ಸರಿಯುವ ದಿನಗಳಲ್ಲಿ ಒಂದು ನೋಟ ಕಾಣಸಿಗುತ್ತದೆ. ಗದ್ದೆಯ ಮೂಲೆಯಲ್ಲೋ ತೋಡಿನ ಅಂಚಿನಲ್ಲೋ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹೊಳೆಯುವ ತೆಳ್ಳನೆಯ ಪೊರೆ. ಅದರಡಿಯಲ್ಲಿ ತುಕ್ಕಿನ ಬಣ್ಣದ ಮಡ್ಡಿ. ಈ ಸಂಚಿಕೆಯ ಮಾತುಕತೆಗೆ ಬೇಕಾದ ದೃಶ್ಯಗಳನ್ನು ಚಿತ್ರಿಸಿಕೊಳ್ಳಲು ಹೋಗಿದ್ದಾಗ ನಮ್ಮ ಕ್ಯಾಮೆರಾ ಸಹಾಯಕ ಅದನ್ನು ಕಂಡು, "ಸಾರ್, ಹೈವೇಯಿಂದ ಡೀಸೆಲ್ ಸೋರಿ ಬಂದಿರಬೇಕು" ಎಂದ. ರಾಷ್ಟ್ರೀಯ ಹೆದ್ದಾರಿ 66 ಅಂಬಲಪಾಡಿಯನ್ನು ಹಾದೇ ಹೋಗುವುದರಿಂದ ಆ ಊಹೆ ತೀರ ತಪ್ಪೆನ್ನುವಂತಿರಲಿಲ್ಲ. ಹುಣಿಯ ಮೇಲೆ ನಿಂತಿದ್ದ ಹಿರಿಯರೊಬ್ಬರು ನಕ್ಕರು. "ಡೀಸೆಲೂ ಅಲ್ಲ, ಎಂತದೂ ಅಲ್ಲ ಮಾರಾಯ್ರೆ. ನಾನು ಸಣ್ಣವ ಇರುವಾಗ ಇಲ್ಲಿ ಇಷ್ಟು ವಾಹನ ಎಲ್ಲಿತ್ತು? ಇದು ಆಗಲೂ ಇತ್ತು."

ಹಿರಿಯರು ಹೇಳಿದ್ದು ಸರಿ. ಪರೀಕ್ಷೆಗೆ ಒಂದು ಕಡ್ಡಿ ಸಾಕು. ಎಣ್ಣೆಯ ಪೊರೆಯನ್ನು ಕಡ್ಡಿಯಿಂದ ಸೀಳಿದರೆ ಅದು ಮತ್ತೆ ಬಂದು ಕೂಡಿಕೊಳ್ಳುತ್ತದೆ. ಈ ಪೊರೆ ಹಾಗಲ್ಲ. ಒಣಗಿದ ಹಪ್ಪಳದಂತೆ ಚೂರು ಚೂರಾಗಿ ಒಡೆದು, ಚೂರುಗಳು ಬೇರೆ ಬೇರೆಯಾಗಿಯೇ ತೇಲುತ್ತವೆ. ಅದು ಕಬ್ಬಿಣದ ಆಕ್ಸೈಡು ಮತ್ತು ಸೂಕ್ಷ್ಮಜೀವಿಗಳು ಕೂಡಿ ಹೆಣೆದ ಪೊರೆ. ಲೋಹದ ಆಕ್ಸೈಡು, ನ್ಯಾನೊ ಕಣ, ಸೂಕ್ಷ್ಮಜೀವಿ ಇಂಧನಕೋಶ ಎಂಬ ದೊಡ್ಡ ದೊಡ್ಡ ಹೆಸರುಗಳನ್ನು ಕೇಳಿ ಹೆದರುವ ವಿದ್ಯಾರ್ಥಿ ಮಿತ್ರರು ಮೊದಲು ಈ ಪೊರೆಯನ್ನು ನೋಡಬೇಕೆಂಬುದು ನನ್ನ ಆಸೆ. ಆ ಹೆಸರುಗಳ ಹಿಂದಿರುವ ಸಂಗತಿಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಇದೆ.

ನಮ್ಮ ಕರಾವಳಿಯ ನೆಲ ಕೆಂಪು. ಮನೆ ಕಟ್ಟಲು ಕಡಿಯುವ ಕೆಂಪು ಕಲ್ಲನ್ನು ಭೂವಿಜ್ಞಾನಿಗಳು ಲ್ಯಾಟರೈಟ್ ಎನ್ನುತ್ತಾರೆ. 1800ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚಾರ ಹೊರಟ ಫ್ರಾನ್ಸಿಸ್ ಬುಕಾನನ್, ಕೇರಳದ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಡಿಯುವುದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅದಕ್ಕೆ ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಈ ಹೆಸರನ್ನು ಕೊಟ್ಟ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆ ಕಲ್ಲಿನೊಳಗಿನ ಕರಗುವ ವಸ್ತುಗಳನ್ನೆಲ್ಲ ತೊಳೆದುಕೊಂಡು ಹೋದ ಮೇಲೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳೇ. ಕೆಂಪು ಬಣ್ಣ ಕಬ್ಬಿಣದ್ದು. ಬೆಟ್ಟು, ಮಜಲುಗಳಿಂದ ಕೊಚ್ಚಿಬರುವ ಈ ಕೆಂಪು ಬೈಲಿನ ಗದ್ದೆಯಲ್ಲಿ ಬಂದು ನಿಲ್ಲುತ್ತದೆ.

ಆದರೆ ಗದ್ದೆಗೆ ಇಳಿದವರಿಗೆ ಗೊತ್ತು: ಮೇಲಿನ ಮಣ್ಣು ಕಂದು, ಕಾಲು ಹೂತ ಕೆಳಗಿನ ಕೆಸರು ಬೂದು ಇಲ್ಲವೆ ಕಪ್ಪು. ಕೆಂಪು ಎಲ್ಲಿ ಹೋಯಿತು?

ಉಸಿರಾಟವೆಂದರೆ ಏನು ಎಂಬಲ್ಲಿಂದ ಉತ್ತರ ಶುರುವಾಗಬೇಕು. ನಾವು ಉಣ್ಣುವ ಅನ್ನವನ್ನು ಜೀವಕೋಶಗಳು ಒಡೆಯುವಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಅವನ್ನು ಯಾರಾದರೂ ಸ್ವೀಕರಿಸಲೇಬೇಕು. ಇಲ್ಲದಿದ್ದರೆ ಒಡೆಯುವ ಕೆಲಸವೇ ನಿಂತುಹೋಗುತ್ತದೆ. ನಮ್ಮ ಮೈಯಲ್ಲಿ ಅವನ್ನು ಸ್ವೀಕರಿಸುವುದು ಆಮ್ಲಜನಕ. ನಾವು ಗಾಳಿ ಸೇವಿಸುವುದು ಅದಕ್ಕಾಗಿಯೇ. ನೀರು ನಿಂತ ಗದ್ದೆಯಲ್ಲಿ ಕೆಲವು ಮಿಲಿಮೀಟರ್ ಕೆಳಗೆ ಆಮ್ಲಜನಕವೇ ಇರುವುದಿಲ್ಲ. ಅಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅದಕ್ಕೆ ಬದಲಾಗಿ ಮಣ್ಣಿನ ಕಬ್ಬಿಣದ ಆಕ್ಸೈಡಿಗೇ ಎಲೆಕ್ಟ್ರಾನನ್ನು ದಾಟಿಸುತ್ತವೆ. ಒಂದು ಮಾತಿನಲ್ಲಿ ಹೇಳುವುದಾದರೆ ಅವು ತುಕ್ಕನ್ನು ಉಸಿರಾಡುತ್ತವೆ. ಎಲೆಕ್ಟ್ರಾನ್ ಪಡೆದ ಕಬ್ಬಿಣ ನೀರಿನಲ್ಲಿ ಕರಗುವ ರೂಪಕ್ಕೆ ಬರುತ್ತದೆ, ಕೆಂಪು ಮಾಯವಾಗುತ್ತದೆ. ಕರಗಿದ ಕಬ್ಬಿಣ ನೀರಿನೊಡನೆ ಮೇಲೆ ಬಂದು ಗಾಳಿಯನ್ನು ಸೋಕಿದೊಡನೆ ಮತ್ತೆ ತುಕ್ಕಾಗುತ್ತದೆ. ನಾವು ಕಡ್ಡಿಯಿಂದ ಒಡೆದ ಪೊರೆ ಅದೇ.

ವಿಜ್ಞಾನಕ್ಕೆ ಈ ಜೀವಿಗಳ ಪರಿಚಯವಾದದ್ದು ಬಹಳ ಹಿಂದೇನಲ್ಲ. 1987ರಲ್ಲಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ ಕಬ್ಬಿಣದ ಆಕ್ಸೈಡನ್ನು ಬಳಸಿ, ಮ್ಯಾಗ್ನೆಟೈಟ್ ಎಂಬ ಕಾಂತೀಯ ಆಕ್ಸೈಡಿನ ಅತಿ ಸೂಕ್ಷ್ಮ ಹರಳುಗಳನ್ನು ಉಳಿಸುತ್ತದೆಂದು ವರದಿ ಮಾಡಿದರು. ಮುಂದೆ ಅದಕ್ಕೆ ಜಿಯೊಬ್ಯಾಕ್ಟರ್ ಎಂಬ ಹೆಸರು ಬಂತು. ಮರುವರ್ಷ, 1988ರಲ್ಲಿ, ನ್ಯೂಯಾರ್ಕ್ ರಾಜ್ಯದ ಒನೈಡಾ ಸರೋವರದಲ್ಲಿ ಮ್ಯಾಂಗನೀಸ್ ಆಕ್ಸೈಡನ್ನು ಉಸಿರಾಡುವ ಇನ್ನೊಂದು ಬ್ಯಾಕ್ಟೀರಿಯಾದ ಸುದ್ದಿ ಬಂತು. ಅದು ಈಗ ಶೆವನೆಲ್ಲಾ ಎಂಬ ಹೆಸರಿನಲ್ಲಿ ಪ್ರಸಿದ್ಧ. ನ್ಯಾನೊ ಕಣಗಳನ್ನು ತಯಾರಿಸುವ ವಿದ್ಯೆಯಲ್ಲಿ ಮನುಷ್ಯನಿಗಿಂತ ಕೆಸರು ಹಳೆಯ ಕೈ ಎಂಬುದನ್ನು ಇಲ್ಲೇ ಗುರುತು ಮಾಡಿಕೊಳ್ಳಬಹುದು.

ಕೆಸರಿಗೆ ತಂತಿ ಕಟ್ಟಿದರೆ

ಈಗ ಒಂದು ಸರಳ ಉಪಾಯ. ಆ ಬ್ಯಾಕ್ಟೀರಿಯಾಗಳಿಗೆ ತುಕ್ಕಿನ ಬದಲು ಒಂದು ಇಂಗಾಲದ ತುಂಡನ್ನು ಕೊಡೋಣ. ಇಂಗಾಲದ ತುಂಡಿಗೆ ತಂತಿ ಕಟ್ಟಿ, ತಂತಿಯ ಇನ್ನೊಂದು ತುದಿಯನ್ನು ಮೇಲೆ ಗಾಳಿ ಸೋಕುವ ನೀರಿನಲ್ಲಿರುವ ಮತ್ತೊಂದು ಇಂಗಾಲದ ತುಂಡಿಗೆ ಜೋಡಿಸೋಣ. ಕೆಳಗೆ ಬಿಡುಗಡೆಯಾದ ಎಲೆಕ್ಟ್ರಾನು ತಂತಿಯಲ್ಲಿ ಹರಿದು ಮೇಲೆ ಬಂದು ಅಲ್ಲಿ ಆಮ್ಲಜನಕವನ್ನು ಸೇರುತ್ತದೆ. ಪ್ರೋಟಾನುಗಳು ನೀರಿನ ಮೂಲಕವೇ ಅತ್ತ ಸಾಗಿ, ಎಲ್ಲ ಕೂಡಿ ನೀರಾಗುತ್ತದೆ. ತಂತಿಯಲ್ಲಿ ಎಲೆಕ್ಟ್ರಾನು ಹರಿಯುವುದನ್ನೇ ತಾನೆ ನಾವು ವಿದ್ಯುತ್ತೆನ್ನುವುದು? ಸೂಕ್ಷ್ಮಜೀವಿ ಇಂಧನಕೋಶವೆಂದರೆ ಇಷ್ಟೇ. ಕೆಳಗಿನದು ಆನೋಡ್, ಮೇಲಿನದು ಕ್ಯಾಥೋಡ್.

ಇದರ ಮೊದಲ ಸುಳಿವು ಹಿಡಿದವನು ಡರಹಂ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಎಂ. ಸಿ. ಪಾಟರ್, 1911ರಲ್ಲಿ. ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳ ದ್ರಾವಣದಲ್ಲಿ ಪ್ಲಾಟಿನಂ ಇಳಿಬಿಟ್ಟು ಅಲ್ಪ ವೋಲ್ಟೇಜನ್ನು ಅಳೆದ. 1931ರಲ್ಲಿ ಬಾರ್ನೆಟ್ ಕೊಹೆನ್ ಇಂಥ ಹಲವು ಕೋಶಗಳನ್ನು ಸಾಲಾಗಿ ಜೋಡಿಸಿ 35 ವೋಲ್ಟ್ ತೋರಿಸಿದ. ಹರಿದ ವಿದ್ಯುತ್ತು ಮಾತ್ರ 2 ಮಿಲಿ ಆಂಪಿಯರ್. ಆಮೇಲೆ ಬಹುಕಾಲ ಇದೊಂದು ಕುತೂಹಲದ ವಸ್ತುವಾಗಿಯೇ ಉಳಿಯಿತು. ಎಲೆಕ್ಟ್ರಾನನ್ನು ಜೀವಕೋಶದಿಂದ ಹೊರಗೆ ತರಲು ರಾಸಾಯನಿಕ ಬಣ್ಣಗಳನ್ನು ಬೆರೆಸಬೇಕೆಂದು ಎಲ್ಲರೂ ನಂಬಿದ್ದರು. ಕೆಲವು ಬ್ಯಾಕ್ಟೀರಿಯಾಗಳಿಗೆ ಅದರ ಅಗತ್ಯವಿಲ್ಲ, ಅವು ತಾವೇ ವಿದ್ಯುದಗ್ರಕ್ಕೆ ಅಂಟಿಕೊಂಡು ಎಲೆಕ್ಟ್ರಾನ್ ದಾಟಿಸಬಲ್ಲವು ಎಂದು 1990ರ ದಶಕದ ಕೊನೆಯಲ್ಲಿ ಕೊರಿಯಾದಲ್ಲಿ, 2002ರಲ್ಲಿ ಅಮೆರಿಕದಲ್ಲಿ ತೋರಿಸಿದ ಮೇಲೆ ಈ ವಿಷಯಕ್ಕೆ ಮರುಜೀವ ಬಂತು.

ಎಲೆಕ್ಟ್ರಾನು ಜೀವಕೋಶದ ಗೋಡೆ ದಾಟುವ ಬಗೆಯ ಬಗ್ಗೆ ಒಂದು ಸ್ವಾರಸ್ಯದ ಕಥೆಯಿದೆ. ಜಿಯೊಬ್ಯಾಕ್ಟರಿನ ಮೈಮೇಲಿನ ಕೂದಲೆಳೆಗಳಂಥ ರಚನೆಗಳು ವಿದ್ಯುತ್ ತಂತಿಗಳಂತೆ ವರ್ತಿಸುತ್ತವೆಂದು 2005ರಲ್ಲಿ ಪ್ರಕಟವಾದಾಗ ಅವನ್ನು ಪಿಲಸ್ ಎಂಬ ಪ್ರೋಟೀನಿನ ಎಳೆಗಳೆಂದು ಭಾವಿಸಲಾಗಿತ್ತು. 2019ರಲ್ಲಿ ಉನ್ನತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ ಅಂಥ ಎಳೆಗಳು ಸೈಟೊಕ್ರೋಮ್ ಎಂಬ, ಕಬ್ಬಿಣವಿರುವ ಪ್ರೋಟೀನುಗಳ ಸರಮಾಲೆಯೆಂದು ಕಂಡಿತು. ಪಠ್ಯಪುಸ್ತಕದ ಒಂದು ಚಿತ್ರ ಹದಿನಾಲ್ಕು ವರ್ಷಗಳಲ್ಲಿ ಬದಲಾಯಿತು. ವಾದ ಇನ್ನೂ ಪೂರ್ತಿ ಮುಗಿದಿಲ್ಲ.

ಎಷ್ಟು ವಿದ್ಯುತ್ತು?

ಚರ್ಚೆಗೆ ಬಂದ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕೇಳಿದ ಪ್ರಶ್ನೆ ಇದು. ಉತ್ತರ ನಿರಾಸೆ ತರಬಹುದು; ಆದರೂ ಲೆಕ್ಕ ಹಾಕಿಯೇ ಬಿಡೋಣ. ಪಿ.ಯು.ಸಿ. ರಸಾಯನಶಾಸ್ತ್ರ ಸಾಕು.

ಕೊಳಚೆ ನೀರಿನಲ್ಲಿರುವ ಕೊಳೆಯನ್ನು ಅಳೆಯುವ ಒಂದು ವಿಧಾನವೆಂದರೆ ಅದನ್ನು ಪೂರ್ತಿಯಾಗಿ ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕು ಎಂದು ನೋಡುವುದು. ಮನೆಬಳಕೆಯ ಕೊಳಚೆಯಲ್ಲಿ ಲೀಟರಿಗೆ ಸುಮಾರು ಅರ್ಧ ಗ್ರಾಂ ಎಂದಿಟ್ಟುಕೊಳ್ಳಿ. ಪ್ರತಿ 8 ಗ್ರಾಂ ಆಮ್ಲಜನಕಕ್ಕೆ ಒಂದು ಮೋಲ್ ಎಲೆಕ್ಟ್ರಾನು ಸಮ. ಐದು ಜನರ ಮನೆಯಿಂದ ದಿನಕ್ಕೆ 540 ಲೀಟರ್ ಕೊಳಚೆ ಹೊರಡುತ್ತದೆಂದರೆ 270 ಗ್ರಾಂ, ಅಂದರೆ ಸುಮಾರು 34 ಮೋಲ್ ಎಲೆಕ್ಟ್ರಾನು. ಅದರಲ್ಲಿ ನೂರಕ್ಕೆ 40ರಷ್ಟು ನಮ್ಮ ತಂತಿಗೆ ಸಿಕ್ಕಿತೆನ್ನೋಣ; ಉಳಿದದ್ದನ್ನು ಬೇರೆ ಸೂಕ್ಷ್ಮಜೀವಿಗಳು ಕಬಳಿಸುತ್ತವೆ. ಒಂದು ಮೋಲಿಗೆ 96,485 ಕುಲಂಬಿನಂತೆ ಗುಣಿಸಿದರೆ 13 ಲಕ್ಷ ಕುಲಂಬ್. ಸಿದ್ಧಾಂತದ ಪ್ರಕಾರ ಇಂಥ ಕೋಶ 1.1 ವೋಲ್ಟ್ ಕೊಡಬೇಕು. ಕೆಲಸ ಮಾಡುವಾಗ ಸಿಗುವುದು 0.4 ವೋಲ್ಟಿನ ಆಸುಪಾಸು. ಹಾಗಾದರೆ ಶಕ್ತಿ ಸುಮಾರು 0.145 ಯೂನಿಟ್. ಒಂಬತ್ತು ವ್ಯಾಟಿನ ಒಂದು ಎಲ್.ಇ.ಡಿ. ದೀಪ ಹದಿನಾರು ಗಂಟೆ ಉರಿಯಬಹುದು. ಮಿಕ್ಸರಿಗೆ, ಪಂಪಿಗೆ, ಫ್ರಿಜ್ಜಿಗೆ ಇದು ಆಗುವ ಮಾತಲ್ಲ.

ಹಾಗಿದ್ದರೆ ಇಷ್ಟೆಲ್ಲ ಸಾಹಸವೇಕೆ? ಕೊಳಚೆಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯೇ ಆಗುತ್ತದೆ. ಉಡುಪಿ ನಗರದ ಕೊಳಚೆ ಶುದ್ಧೀಕರಣ ಘಟಕವಿರುವುದು ನಿಟ್ಟೂರಿನಲ್ಲಿ. ಮಣಿಪಾಲದ ಎತ್ತರದ ಕಡೆಯಿಂದ ಇಳಿದು ಕಲ್ಸಂಕದ ಮೂಲಕ ಕಡಲಿನತ್ತ ಸಾಗುವ ಇಂದ್ರಾಣಿಗೆ ಕೊಳಚೆ ಸೇರುತ್ತಿದೆ, ದಡದ ಬಾವಿಗಳು ಕೆಡುತ್ತಿವೆ ಎಂಬ ದೂರು ವರ್ಷಗಳಿಂದ ಕೇಳಿಬರುತ್ತಿದೆ. ಬಾವಿಯ ನೀರು ಕುಡಿದು ಬೆಳೆದ ಊರಿಗೆ ಇದು ಸಣ್ಣ ಸಂಗತಿಯಲ್ಲ. ಸಾಮಾನ್ಯ ಶುದ್ಧೀಕರಣ ಘಟಕದಲ್ಲಿ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಒದಗಿಸಲು ಹಗಲಿರುಳು ಗಾಳಿ ಊದಬೇಕು. ಸಾವಿರ ಲೀಟರ್ ಶುದ್ಧಿಗೆ ಕಾಲು ಯೂನಿಟ್ಟಿನಿಂದ ಅರ್ಧ ಯೂನಿಟ್ಟಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ವಿದ್ಯುತ್ತು ಅದಕ್ಕೇ ಹೋಗುತ್ತದೆ. ಇಂಧನಕೋಶದಲ್ಲಿ ಗಾಳಿ ಊದುವ ಯಂತ್ರವಿಲ್ಲ. ಕ್ಯಾಥೋಡು ತಾನೇ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ಕೊನೆಗೆ ಉಳಿಯುವ ಹೂಳೂ ಕಡಿಮೆ. ಆದ್ದರಿಂದ ಈ ಕೋಶವನ್ನು ವಿದ್ಯುತ್ ಕಾರ್ಖಾನೆ ಎನ್ನುವುದಕ್ಕಿಂತ, ಕರೆಂಟು ಬಿಲ್ಲು ಬರದ ಕೊಳಚೆ ಘಟಕ ಎಂದು ಕರೆಯುವುದೇ ವಾಸಿ. ಬಂಗಾಳದ ಖರಗ್‌ಪುರ ಐ.ಐ.ಟಿ.ಯಲ್ಲಿ ಇದನ್ನು ಶೌಚಾಲಯಕ್ಕೇ ಜೋಡಿಸಿದ್ದಾರೆ. ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಜ್ಞಾನಿಗಳು 2015ರ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಮೂತ್ರದಿಂದಲೇ ಮೂತ್ರಾಲಯದ ದೀಪ ಉರಿಸಿದರು.

ಆಕ್ಸೈಡಿನ ಪಾತ್ರ

ತೊಡಕಿರುವುದು ಎರಡು ವಿದ್ಯುದಗ್ರಗಳಲ್ಲಿ. ಬರಿಯ ಇಂಗಾಲದ ಮೇಲೆ ಆಮ್ಲಜನಕ ಎಲೆಕ್ಟ್ರಾನನ್ನು ಬಹಳ ನಿಧಾನವಾಗಿ ಸ್ವೀಕರಿಸುತ್ತದೆ. ಅದನ್ನು ಚುರುಕುಗೊಳಿಸಲು ಪ್ರಯೋಗಾಲಯಗಳಲ್ಲಿ ಪ್ಲಾಟಿನಂ ಲೇಪಿಸುತ್ತಾರೆ. ಕೊಳಚೆಗೆ ಪ್ಲಾಟಿನಂ! ಬೆಲೆಯ ಮಾತು ಹಾಗಿರಲಿ, ಕೊಳಚೆಯಲ್ಲಿರುವ ಗಂಧಕದ ಸಂಯುಕ್ತಗಳು ಅದನ್ನು ಬೇಗನೆ ಕೆಡಿಸಿಬಿಡುತ್ತವೆ. ಇದಕ್ಕೆ ಪರ್ಯಾಯವಾಗಿ ಮ್ಯಾಂಗನೀಸ್, ಕೋಬಾಲ್ಟ್, ಕಬ್ಬಿಣಗಳ ಆಕ್ಸೈಡುಗಳನ್ನು ಪ್ರಯತ್ನಿಸುತ್ತಿದ್ದಾರೆ. ಮ್ಯಾಂಗನೀಸ್ ಡೈಆಕ್ಸೈಡ್ ನಿಮಗೆ ಅಪರಿಚಿತವೇನಲ್ಲ. ಟಾರ್ಚಿನ ಸೆಲ್ಲಿನೊಳಗೆ ತುಂಬಿರುವ ಕಪ್ಪು ಪುಡಿಯಲ್ಲಿ ಇರುವುದು ಅದೇ.

ಆನೋಡಿನ ಕಡೆ ಬೇಕಾದದ್ದು ಬೇರೆ: ಬ್ಯಾಕ್ಟೀರಿಯಾಗಳು ಹಿಡಿದುಕೊಳ್ಳಲು ಒರಟು ನೆಲೆ, ಎಲೆಕ್ಟ್ರಾನು ದಾಟಲು ಕಾಲುಸಂಕ. 2009ರಲ್ಲಿ ಟೋಕಿಯೊ ವಿಶ್ವವಿದ್ಯಾನಿಲಯದ ತಂಡ ಶೆವನೆಲ್ಲಾದ ದ್ರಾವಣಕ್ಕೆ ಕೆಂಪು ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳನ್ನು ಬೆರೆಸಿತು. ಬ್ಯಾಕ್ಟೀರಿಯಾಗಳು ಮತ್ತು ಕಣಗಳು ತಾವಾಗಿಯೇ ಹೆಣೆದುಕೊಂಡು ಒಂದು ಜಾಲವಾಯಿತು. ವಿದ್ಯುತ್ ಪ್ರವಾಹ ಹಲವು ಪಟ್ಟು ಏರಿತು. ವಿದ್ಯುದಗ್ರದಿಂದ ದೂರ ಕುಳಿತ ಬ್ಯಾಕ್ಟೀರಿಯಾ ಕೂಡ ಕಣದಿಂದ ಕಣಕ್ಕೆ ಎಲೆಕ್ಟ್ರಾನನ್ನು ದಾಟಿಸಿ ಕಳುಹಿಸಲು ಸಾಧ್ಯವಾಯಿತು. 2012ರಲ್ಲಿ ಜಪಾನಿನ ವಿಜ್ಞಾನಿಗಳು ಭತ್ತದ ಗದ್ದೆಯ ಮಣ್ಣನ್ನೇ ತಂದು, ಅದರಲ್ಲಿನ ಬೇರೆ ಬೇರೆ ಜಾತಿಯ ಜೀವಿಗಳು ಕಬ್ಬಿಣದ ಆಕ್ಸೈಡಿನ ಕಣಗಳ ಮೂಲಕ ಪರಸ್ಪರ ಎಲೆಕ್ಟ್ರಾನ್ ವಿನಿಮಯ ಮಾಡಿಕೊಳ್ಳುತ್ತವೆಂಬುದಕ್ಕೆ ಪುರಾವೆ ಕೊಟ್ಟರು. ನಮ್ಮ ಬೈಲಿನ ಕೆಂಪು ಇಲ್ಲಿ ಮತ್ತೆ ನೆನಪಾಗಬೇಕು.

ಕಣ ನ್ಯಾನೊ ಏಕಾಗಬೇಕು? ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಒಂದು ಸೆಂಟಿಮೀಟರಿನ ಘನವನ್ನು ತೆಗೆದುಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ಪುಟ್ಟ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ಸುಮಾರು ಹದಿನೈದು ಸೆಂಟ್ಸ್ ಜಾಗ! ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ಉಳಿದದ್ದು ತಾನೇ ತಿಳಿಯುತ್ತದೆ.

ಎಲೆಯ ಕೆಲಸ

ಅಷ್ಟು ಸಣ್ಣ ಕಣಗಳಿಗೆ ಒಂದು ದುರ್ಗುಣ. ಅವು ಒಂದಕ್ಕೊಂದು ಅಂಟಿಕೊಂಡು ಮತ್ತೆ ಮುದ್ದೆಯಾಗಲು ಹವಣಿಸುತ್ತವೆ. ತಡೆಯಲು ಕಣದ ಸುತ್ತ ಒಂದು ಹೊದಿಕೆ ಬೇಕು. ಕಾರ್ಖಾನೆಯ ವಿಧಾನಗಳಲ್ಲಿ ಇದಕ್ಕಾಗಿ ಬಗೆಬಗೆಯ ರಾಸಾಯನಿಕಗಳನ್ನು, ಕೆಲವೊಮ್ಮೆ ವಿಷಕಾರಿ ದ್ರಾವಕಗಳನ್ನು ಬಳಸುತ್ತಾರೆ. ಸಸ್ಯಗಳ ಎಲೆ, ತೊಗಟೆ, ಸಿಪ್ಪೆಗಳಲ್ಲಿ ಪಾಲಿಫಿನಾಲ್, ಫ್ಲೇವನಾಯ್ಡ್, ಸಕ್ಕರೆ, ಪ್ರೋಟೀನುಗಳಿವೆ. ಅವು ಲೋಹದ ಅಯಾನನ್ನು ಹಿಡಿದುಕೊಳ್ಳುತ್ತವೆ, ಹುಟ್ಟಿದ ಕಣವನ್ನು ಸುತ್ತುವರಿಯುತ್ತವೆ.

ಇದರ ಮೊದಲರ್ಧ ನಿಮ್ಮ ಅಡುಗೆಮನೆಯಲ್ಲಿ ದಿನವೂ ನಡೆಯುತ್ತದೆ. ಮೆಟ್ಟುಕತ್ತಿಯಲ್ಲಿ ಬಾಳೆಕಾಯಿ ಕೊಚ್ಚಿದಾಗ ಕತ್ತಿಯ ಅಲಗು ಕಪ್ಪಾಗುವುದನ್ನು ಕಂಡಿದ್ದೀರಷ್ಟೆ? ಬಾಳೆಕಾಯಿಯ ಟ್ಯಾನಿನ್ ಎಂಬ ಪಾಲಿಫಿನಾಲ್ ಕತ್ತಿಯ ಕಬ್ಬಿಣವನ್ನು ಹಿಡಿದು ಕಪ್ಪು ಸಂಯುಕ್ತವಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದುದೂ ಇದೇ ತತ್ತ್ವದ ಮೇಲೆ. ಸ್ಟೀಲಿನ ಚಾಕುವಿಗೆ ಮಾತ್ರ ಈ ಭಾಗ್ಯವಿಲ್ಲ.

ಮಣಿಪಾಲದ ತಾಂತ್ರಿಕ ವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳು ಒಂದೇ ಮರವನ್ನು ಕುರಿತವು: ಪೆಲ್ಟೊಫೋರಂ, ಅಂದರೆ ಹಳದಿ ಹೂ ಬಿಡುವ ಗುಲ್‌ಮೊಹರ್. ರಸ್ತೆ ಬದಿಯಲ್ಲಿ ನೆರಳಿಗೆಂದು ನೆಟ್ಟ ಮರ. ಹೂವು ಉದುರಿದಾಗ ಡಾಂಬರಿನ ಮೇಲೆ ಹಳದಿ ಹಾಸು. ಅದರ ಎಲೆಯ ಕಷಾಯದಿಂದ ಒಂದರಲ್ಲಿ ಕಬ್ಬಿಣದ ಆಕ್ಸೈಡಿನ, ಇನ್ನೊಂದರಲ್ಲಿ ಸತುವಿನ ಆಕ್ಸೈಡಿನ ನ್ಯಾನೊ ಕಣಗಳನ್ನು ತಯಾರಿಸಿದರು. ಅಲ್ಲಿ ಕಣಗಳನ್ನು ಪರೀಕ್ಷಿಸಿದ್ದು ಬಣ್ಣ ಬೆರೆತ ನೀರನ್ನು ತಿಳಿಯಾಗಿಸುವ ಕೆಲಸಕ್ಕೆ, ಇಂಧನಕೋಶಕ್ಕಲ್ಲ. ಆದರೆ ಕಣ ತಯಾರಾದ ಮೇಲೆ ಅದನ್ನು ಇಂಗಾಲದ ಬಟ್ಟೆಗೆ ಲೇಪಿಸಿ ನೋಡುವುದು ಮುಂದಿನ ಹೆಜ್ಜೆಯಷ್ಟೆ.

ಇಂಥ ತಯಾರಿಯ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಎಲೆಯನ್ನು ತೊಳೆದು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ, ಬಟ್ಟಿ ಇಳಿಸಿದ ನೀರಿನಲ್ಲಿ ಕಾಯಿಸಿ ಸೋಸುವುದು. ಆ ಕಷಾಯಕ್ಕೆ ಲೋಹದ ಲವಣವನ್ನು ಬೆರೆಸಿ ಕಲಕುತ್ತ ಬಿಸಿ ಮಾಡುವುದು. ಬಣ್ಣ ಬದಲಾಗಿ, ಮಡ್ಡಿ ನಿಂತು, ಅದನ್ನು ತೊಳೆದು ಒಣಗಿಸಿ, ಬೇಕಾದರೆ ಕುಲುಮೆಯಲ್ಲಿ 400ರಿಂದ 500 ಡಿಗ್ರಿಯಲ್ಲಿ ಸುಡುವುದು. ಸತುವಿನದಾದರೆ ಬಿಳಿ ಪುಡಿ, ಕಬ್ಬಿಣದ್ದಾದರೆ ಕೆಂಗಂದು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. 'ಸಸ್ಯರಸ ಲೋಹವನ್ನು ಅಪಕರ್ಷಿಸಿ ನ್ಯಾನೊ ಕಣ ಮಾಡುತ್ತದೆ' ಎಂದು ಎಲ್ಲ ಕಡೆ ಬರೆಯುವುದುಂಟು. ಬೆಳ್ಳಿ, ಚಿನ್ನದ ಕಣಗಳಿಗೆ ಈ ಮಾತು ಸರಿ. ಅಲ್ಲಿ ಅಯಾನು ಎಲೆಕ್ಟ್ರಾನ್ ಪಡೆದು ಲೋಹವಾಗುತ್ತದೆ. ಆದರೆ ಸತುವಿನ ಆಕ್ಸೈಡಿನಲ್ಲಿ ಸತುವಿನ ಉತ್ಕರ್ಷಣ ಸಂಖ್ಯೆ ಲವಣದಲ್ಲಿದ್ದಂತೆಯೇ ಎರಡು. ಏನೂ ಅಪಕರ್ಷಣವಾಗಿಲ್ಲ! ಎಲೆಯ ರಸ ಅಲ್ಲಿ ಮಾಡಿದ್ದು ಅಯಾನನ್ನು ಹಿಡಿದಿಟ್ಟು ಹಂಚಿ, ಮುದ್ದೆಯಾಗದಂತೆ ತಡೆದದ್ದು; ಆಕ್ಸೈಡು ಹುಟ್ಟಿದ್ದು ಬಿಸಿಯಿಂದ. ಪರೀಕ್ಷೆಯಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರಿಸುವವರು ಎಷ್ಟು ಜನ ಸಿಗುತ್ತಾರೋ!

ಈ ಬಿಸಿಯ ವಿದ್ಯೆಯಲ್ಲಿ ಕರ್ನಾಟಕಕ್ಕೆ ಒಂದು ವಿಶೇಷ ಸ್ಥಾನವಿದೆ. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೆ. ಜೆ. ಕಿಂಗ್ಸ್‌ಲಿ ಮತ್ತು ಕೆ. ಸಿ. ಪಾಟೀಲರು ಅಲ್ಯೂಮಿನಿಯಂ ನೈಟ್ರೇಟನ್ನು ಯೂರಿಯಾ ಜೊತೆ ನೀರಿನಲ್ಲಿ ಕರಗಿಸಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರು. ದ್ರಾವಣ ಕುದಿದು, ನೊರೆಯೆದ್ದು, ತಾನೇ ಹೊತ್ತಿಕೊಂಡು, ಕೆಲವೇ ನಿಮಿಷಗಳಲ್ಲಿ ಭತ್ತ ಅರಳಾಗುವ ಹಾಗೆ ಉಬ್ಬಿ ಹಗುರವಾದ ಆಕ್ಸೈಡಿನ ಪುಡಿಯಾಯಿತು. ನೈಟ್ರೇಟು ಉತ್ಕರ್ಷಕ, ಯೂರಿಯಾ ಇಂಧನ. ರಾಕೆಟ್ಟಿನ ನೋದಕದ ತತ್ತ್ವವೇ ಇಲ್ಲೂ. ಈ 'ದ್ರಾವಣ ದಹನ' ವಿಧಾನ ಮುಂದೆ ಜಗತ್ತಿನ ಅನೇಕ ಪ್ರಯೋಗಾಲಯಗಳಿಗೆ ಹರಡಿತು. ಯೂರಿಯಾ ಬದಲು ಸಸ್ಯರಸವನ್ನೇ ಇಂಧನವಾಗಿಸಿದರೆ ಹೇಗೆ ಎಂದು ನಮ್ಮ ರಾಜ್ಯದ ವಿಜ್ಞಾನಿಗಳು ಆಮೇಲೆ ಯೋಚಿಸಿದರು. ಬೆಂಗಳೂರು, ತುಮಕೂರುಗಳಲ್ಲಿ ಎಕ್ಕದ ಎಲೆ, ಕಳ್ಳಿಯ ಹಾಲುಗಳನ್ನೆಲ್ಲ ಈ ಬಗೆಯ ಕೆಲಸಗಳಿಗೆ ಹಚ್ಚಿದ್ದುಂಟು.

ಹಸಿರೆಂಬ ಹೆಸರು

ವಿಜ್ಞಾನ ಓದಿ ಕ್ಯಾಮೆರಾದ ಹಿಂದೆ ಬಂದು ನಿಂತವನಾದ ನನಗೆ 'ಹಸಿರು' ಎಂಬ ವಿಶೇಷಣ ಕಂಡಲ್ಲೆಲ್ಲ ಸ್ವಲ್ಪ ಅನುಮಾನ. ಎಲೆ ಹಸಿರೇ, ಅದಕ್ಕೆ ಬೆರೆಸುವ ಲೋಹದ ನೈಟ್ರೇಟು ಬಂದದ್ದು ಕಾರ್ಖಾನೆಯಿಂದ, ಸುಡುವ ಕುಲುಮೆಗೆ ಕರೆಂಟು ಬೇಕು, ಸುಟ್ಟಾಗ ಹೊರಡುವ ಹೊಗೆಯಲ್ಲಿ ನೈಟ್ರೊಜನ್ನಿನ ಆಕ್ಸೈಡುಗಳಿವೆ. ಇನ್ನೊಂದು ಸಮಸ್ಯೆ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಆಷಾಢದ ಎಲೆ, ಮಾಘದ ಎಲೆ ಒಂದೇ ಅಲ್ಲ. ಎಳೆಯದು, ಬಲಿತದ್ದು, ಬಿಸಿಲಿನದು, ನೆರಳಿನದು, ಒಂದೊಂದರಲ್ಲೂ ಪಾಲಿಫಿನಾಲಿನ ಪ್ರಮಾಣ ಬೇರೆ. ಇವತ್ತು 20 ನ್ಯಾನೊಮೀಟರಿನ ಕಣ ಕೊಟ್ಟ ಮರ ಮೂರು ತಿಂಗಳ ಮೇಲೆ 60ರದ್ದು ಕೊಟ್ಟರೆ ದೂರುವುದು ಯಾರನ್ನು? ಇಷ್ಟಾದರೂ ವಿಷಕಾರಿ ದ್ರಾವಕ ತಪ್ಪುತ್ತದೆ, ಸಾಮಾನ್ಯ ಕಾಲೇಜಿನ ಪ್ರಯೋಗಾಲಯದಲ್ಲೂ ಮಾಡಬಹುದು ಎಂಬ ಎರಡು ಗುಣಗಳನ್ನು ಅಲ್ಲಗಳೆಯಲಾಗದು.

ಕಪ್ಪು ಮಡ್ಡಿ ಬಂದೊಡನೆ 'ಕಬ್ಬಿಣದ ನ್ಯಾನೊ ಕಣ ಸಿಕ್ಕಿತು' ಎಂದು ಕುಣಿಯುವಂತೆಯೂ ಇಲ್ಲ. ಅದು ಮೆಟ್ಟುಕತ್ತಿಯ ಕಪ್ಪೇ, ಅಂದರೆ ಕಬ್ಬಿಣ ಮತ್ತು ಟ್ಯಾನಿನ್ನಿನ ಸಂಯುಕ್ತ, ಆಗಿರಬಹುದು. ಎಕ್ಸ್-ಕಿರಣಗಳನ್ನು ಹಾಯಿಸಿ ಹರಳಿನ ಜೋಡಣೆಯನ್ನು ನೋಡಬೇಕು. ಯಾವ ಆಕ್ಸೈಡೆಂದು ಅದು ಹೇಳುತ್ತದೆ, ರೇಖೆಗಳು ಎಷ್ಟು ಅಗಲವಾಗಿವೆ ಎಂಬುದರಿಂದ ಹರಳಿನ ಗಾತ್ರವೂ ಗೊತ್ತಾಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆಕಾರ ಕಾಣಬೇಕು. ಅಷ್ಟಾದ ಮೇಲೆ ಹೆಸರಿಡುವುದು.

ಎಲ್ಲ ಆಕ್ಸೈಡೂ ಎಲ್ಲ ಕಡೆ ಒಗ್ಗುವುದೂ ಇಲ್ಲ. ಸತುವಿನ ಆಕ್ಸೈಡು ಬ್ಯಾಕ್ಟೀರಿಯಾನಾಶಕ. ಗಾಯಕ್ಕೆ, ಚರ್ಮಕ್ಕೆ ಹಚ್ಚುವ ಮುಲಾಮುಗಳಲ್ಲಿ ಅದನ್ನು ಬಳಸುತ್ತಾರೆ. ಅದನ್ನು ಧಾರಾಳವಾಗಿ ಆನೋಡಿಗೆ ಬಳಿದರೆ, ಯಾರ ಉಸಿರಿನಿಂದ ವಿದ್ಯುತ್ತು ಬರಬೇಕೋ ಅವರನ್ನೇ ಕೊಂದಂತೆ. ಕಬ್ಬಿಣದ ಆಕ್ಸೈಡು ಹಾಗಲ್ಲ, ಅದು ಈ ಜೀವಿಗಳ ಹಳೆಯ ನಂಟ. ಪತ್ರಿಕೆಗಳಲ್ಲಿ 'ಲೋಹದ ಆಕ್ಸೈಡುಗಳಿಂದ ಇಂಧನಕೋಶಕ್ಕೆ ಬಲ' ಎಂದು ಓದುವಾಗ ಯಾವ ಲೋಹ, ಯಾವ ಕಡೆಯ ವಿದ್ಯುದಗ್ರ ಎಂದು ಕೇಳಿಕೊಳ್ಳಿ.

ನೀವೇ ಮಾಡಿ ನೋಡಲು

ನ್ಯಾನೊ ಕಣ ತಯಾರಿಸುವುದನ್ನು ಮನೆಯಲ್ಲಿ ಮಾಡಬೇಡಿ. ಅದರ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಕೆಸರಿನ ಕೋಶ ಮಾತ್ರ ಯಾರೂ ಮಾಡಬಹುದು. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಗದ್ದೆಯ ಕೆಳಪದರದ ಕೆಸರು ತುಂಬಿ. ಮಧ್ಯದಲ್ಲಿ ಒಂದು ಗ್ರಾಫೈಟ್ ಕಡ್ಡಿ ಹೂಳಿ, ಮೇಲೆ ಎರಡು ಬೆರಳು ನೀರು ನಿಲ್ಲಿಸಿ, ನೀರಿನ ಮೇಲ್ಭಾಗದಲ್ಲಿ ಇನ್ನೊಂದು ಕಡ್ಡಿ ಇಡಿ. ದಪ್ಪ ಸೀಸದ ಕಡ್ಡಿಯ ಡ್ರಾಯಿಂಗ್ ಪೆನ್ಸಿಲಿನಿಂದ ಕಡ್ಡಿ ತೆಗೆದುಕೊಳ್ಳಬಹುದು. ಎರಡರ ನಡುವೆ 1,000 ಓಮ್ ರೋಧಕ ಜೋಡಿಸಿ, ಅದರ ಎರಡು ತುದಿಗಳ ನಡುವಣ ವೋಲ್ಟೇಜನ್ನು ಮಲ್ಟಿಮೀಟರಿನಿಂದ ದಿನವೂ ಒಂದೇ ಹೊತ್ತಿಗೆ ಓದಿ ಬರೆದಿಡಿ. ತಂತಿಯ ತಾಮ್ರ ನೀರಿಗೆ ತಾಗಬಾರದು. ಮೊದಲ ಕೆಲವು ದಿನ ಏನೂ ಇರುವುದಿಲ್ಲ. ಒಂದೆರಡು ವಾರದಲ್ಲಿ ಏರತೊಡಗುತ್ತದೆ. 200 ಮಿಲಿವೋಲ್ಟ್ ಬಂದಿತೆನ್ನಿ. ಆಗ ಸಾಮರ್ಥ್ಯ 0.04 ಮಿಲಿವ್ಯಾಟ್. ಒಂಬತ್ತು ವ್ಯಾಟಿನ ದೀಪಕ್ಕೆ ಇಂಥ 2,25,000 ಡಬ್ಬಿಗಳು ಬೇಕು!

ವಿಜ್ಞಾನ ಪ್ರದರ್ಶನಗಳಲ್ಲಿ 'ಮಣ್ಣಿನಿಂದ ವಿದ್ಯುತ್' ಎಂದು ದೀಪ ಹೊತ್ತಿಸಿ ಬಹುಮಾನ ಗೆದ್ದ ಮಾದರಿಗಳನ್ನು ನಾನು ಕಂಡಿದ್ದೇನೆ. ಹತ್ತಿರ ಹೋಗಿ ನೋಡಿದರೆ ಒಂದು ತಾಮ್ರದ ತಗಡು, ಒಂದು ಸತುವಿನ ತಗಡು. ಅದು ನಿಂಬೆಹಣ್ಣಿನ ಬ್ಯಾಟರಿಯ ತಮ್ಮ. ಅಲ್ಲಿ ಸವೆಯುತ್ತಿರುವುದು ಸತು, ಬ್ಯಾಕ್ಟೀರಿಯಾಗಳಿಗೂ ಅದಕ್ಕೂ ಸಂಬಂಧವಿಲ್ಲ. ಎರಡೂ ಕಡೆ ಒಂದೇ ಬಗೆಯ ಇಂಗಾಲ ಬಳಸಿದರೆ ಈ ಮೋಸಕ್ಕೆ ಎಡೆಯಿಲ್ಲ.

ಇನ್ನೂ ಗಟ್ಟಿಯಾದ ಪುರಾವೆ ಬೇಕಿದ್ದರೆ ಎರಡನೆಯ ಡಬ್ಬಿ ಮಾಡಿ. ಅದೇ ಕೆಸರನ್ನು ಕುಕ್ಕರಿನಲ್ಲಿ ಅರ್ಧ ಗಂಟೆ ಬೇಯಿಸಿ (ಅಮ್ಮನ ಹಳೆಯ ಕುಕ್ಕರು, ಕೇಳಿಯೇ ತೆಗೆದುಕೊಳ್ಳಿ), ಆರಿದ ಮೇಲೆ ಮೊದಲಿನಂತೆಯೇ ಕಡ್ಡಿಗಳನ್ನು ಜೋಡಿಸಿ, ಎರಡರ ಓದಿಕೆಗಳನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿ. ಬೇಯಿಸಿದ ಡಬ್ಬಿ ಸುಮ್ಮನಿರಬೇಕು. ಕೆಲವು ದಿನಗಳ ಮೇಲೆ ಅದೂ ನಿಧಾನವಾಗಿ ಏರತೊಡಗಿದರೆ ಪ್ರಯೋಗ ಕೆಟ್ಟಿತೆಂದು ಚೆಲ್ಲಬೇಡಿ. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಒಂದು ಸಲದ ಬೇಯುವಿಕೆಗೆ ಸಾಯುವುದಿಲ್ಲ. ಗಾಳಿಯಿಂದ ಬಂದು ಸೇರಿಕೊಳ್ಳುವವೂ ಇವೆ. ಹೊಸ ಕೆಸರನ್ನು ದಿನಕ್ಕೊಮ್ಮೆಯಂತೆ ಮೂರು ದಿನ ಬೇಯಿಸಿ ಮತ್ತೆ ಶುರು ಮಾಡಿ, ಎರಡು ಏರಿಕೆಗಳ ನಡುವೆ ಎಷ್ಟು ದಿನಗಳ ಅಂತರ ಬಂತೆಂದು ನೋಡಿ.